ರೇವಣಪ್ಪನವರ ಕೂಗು

ಬೀರೂರಿನಲ್ಲಿ ಸಂಸಾರ ಹೂಡಿದ ಮೇಲೆ ತೀರ್ಥಮ್ಮನಿಗೆ ಮೊದಲು ಅರ್ಥವಾದದ್ದು, ಈ ಊರಿನವರು ಸೂರ್ಯನನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ ಎಂಬುದು. ಅಜ್ಜಂಪುರದ ಹತ್ತಿರದ ಅವಳ ತವರಿನಲ್ಲಿ ನೆರಳು ನೋಡಿ ಬುತ್ತಿ ಕಟ್ಟುತ್ತಿದ್ದರು, ದನ ಕೊಟ್ಟಿಗೆಗೆ ಬಂದಾಗ ದೀಪ ಹಚ್ಚುತ್ತಿದ್ದರು. ಇಲ್ಲಿ ಹರಿಹರದ ರೈಲುಬಂಡಿ ಬಂದಾಗ ಹಾಲು ಕರೆಯುತ್ತಾರೆ, ಬೆಂಗಳೂರಿನ ಬಂಡಿ ಹೋದ ಮೇಲೆ ಅಂಗಳಕ್ಕೆ ನೀರು ಹಾಕುತ್ತಾರೆ, ಗೂಡ್ಸು ಬಂದರೆ ಮಕ್ಕಳ ತಲೆಗೆ ಎಣ್ಣೆ ಹಚ್ಚುತ್ತಾರೆ. ಗೂಡ್ಸು ಯಾವತ್ತು ತಾನೇ ಹೊತ್ತಿಗೆ ಸರಿಯಾಗಿ ಬಂದೀತು? ರೈಲ್ವೆಯವರ ಸಾಲುಮನೆಗಳ, ಅಂದರೆ ಲೈನಿನ, ಮಕ್ಕಳೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ತಲೆಯಿಂದ ಎಣ್ಣೆ ಸುರಿಸಿಕೊಂಡು ಅಳುತ್ತ ಕೂತಿರುತ್ತಿದ್ದವು.

ಇನ್ನೂ ಇತ್ತು. ಮಾತಿನ ನಡುವೆ ಇಂಜಿನ್ನು ಹಾದುಹೋದರೆ ಇವರು ಬಾಯಿ ಹಾಗೇ ತೆರೆದುಕೊಂಡು ನಿಂತುಬಿಡುತ್ತಿದ್ದರು, ಸದ್ದು ಅಡಗಿದ ಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತಿದ್ದರು. ಜಗಳವಾಡುವಾಗಲೂ ಹಾಗೆಯೇ. ಒಗೆದ ಬಟ್ಟೆಯನ್ನು ಬಿಸಿಲು ನೋಡಿ ಹರವುತ್ತಿರಲಿಲ್ಲ, ಯಾವ ಬಂಡಿಯ ಹೊಗೆ ಎತ್ತ ಹೋಗುವ ಹೊತ್ತೆಂದು ನೋಡಿ ಹರವುತ್ತಿದ್ದರು. ಇದು ಗೊತ್ತಿಲ್ಲದ ತೀರ್ಥಮ್ಮ ಮೊದಲ ವಾರದಲ್ಲೇ ಗಂಡನ ಬಿಳಿ ಪಂಚೆ ಹರವಿ, ಬೂದುಬಣ್ಣದ ಪಂಚೆ ಎತ್ತಿಕೊಂಡು ಒಳಗೆ ಬಂದಳು. ಪಕ್ಕದ ಮನೆಯ ಶಂಕರಮ್ಮ, ಸ್ಟೇಷನ್ನಿನಲ್ಲಿ ಕಂಬಿ ಬದಲಿಸುವ ಪಾಯಿಂಟ್ಸ್‌ಮನ್ನನ ಹೆಂಡತಿ, ಹಿತ್ತಿಲ ಬೇಲಿಯಾಚೆ ನಿಂತು ಮೊದಲಿನಿಂದ ನೋಡುತ್ತಲೇ ಇದ್ದಳು. ನಕ್ಕಳೇ ಹೊರತು ಒಂದು ಮಾತು ಹೇಳಲಿಲ್ಲ. ತೀರ್ಥಮ್ಮನಿಗೆ ಮೈ ಉರಿದುಹೋಯಿತು. ಇವರು ಬಾಯಿಬಿಟ್ಟು ಹೇಳಿದರೆ ಬಾಯೊಳಗಿನ ಮುತ್ತೇನಾದರೂ ಉದುರಿಹೋಗುತ್ತದೆಯೇ?

ಅವಳ ಗಂಡ ಓಂಕಾರಮೂರ್ತಿ ಶಿವಮೊಗ್ಗ ಬಂಡಿಯಲ್ಲಿ ಫೈರ್‌ಮನ್. ಹೊಲಮನೆ ಅಣ್ಣಂದಿರಿಗೆ ಬಿಟ್ಟು ಇಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬಲು ಬಂದವನು. ಬೆಳಿಗ್ಗೆ ಬಂಡಿಯ ಜೊತೆ ತರೀಕೆರೆ ಮೇಲಿಂದ ಶಿವಮೊಗ್ಗಕ್ಕೆ ಹೋಗುವುದು, ಹೊತ್ತು ಮುಳುಗುವ ಮುಂಚೆ ಅದೇ ಬಂಡಿಯಲ್ಲಿ ಬೀರೂರಿಗೆ ತಿರುಗಿ ಬರುವುದು. ಆ ಇಂಜಿನ್ನಿನ ಡ್ರೈವರು ರೇವಣಪ್ಪ. ವಯಸ್ಸಾದ ಮನುಷ್ಯ, ಮಾತು ಕಡಿಮೆ, ಓಂಕಾರಮೂರ್ತಿಯ ಪಾಲಿಗೆ ಅಣ್ಣನೂ ಹೌದು ಗುರುವೂ ಹೌದು. ರೇವಣಪ್ಪನ ಹೆಂಡತಿ ಹಾಲಮ್ಮ ತೀರ್ಥಮ್ಮನ ಎದುರುಮನೆಯವಳು. ಮಕ್ಕಳಿಲ್ಲದ ಆಕೆ ಆ ಲೈನಿಗೇ ಹಿರಿಯಳು.

ಈ ಊರಿನ ಚಾಳಿಗಳಲ್ಲಿ ತೀರ್ಥಮ್ಮನಿಗೆ ಇಷ್ಟವಾದದ್ದು ಒಂದೇ ಒಂದು. ಊರಾಚೆಯ ಸಿಗ್ನಲ್ ಹತ್ತಿರ ಬಂದಾಗ ಒಬ್ಬೊಬ್ಬ ಡ್ರೈವರು ತನ್ನದೇ ರೀತಿಯಲ್ಲಿ ಇಂಜಿನ್ನನ್ನು ಕೂಗಿಸುತ್ತಿದ್ದ. ರೈಲ್ವೆ ಕಂಪನಿಯ ಕಾಯಿದೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಮೇಲಿನ ದೊರೆಗಳಿಗೆ ಗೊತ್ತಿದ್ದೂ ಗೊತ್ತಿರಲಿಲ್ಲ. ಆ ಕೂಗು ಅವನ ಹೆಂಡತಿಗೆ. ಕೇಳಿದ ಕೂಡಲೇ ಆಕೆ ಎದ್ದು ಅನ್ನಕ್ಕೆ ಇಡುವಳು. ಅವನು ಇಂಜಿನ್ನನ್ನು ಶೆಡ್ಡಿಗೆ ಒಪ್ಪಿಸಿ ಕೈಕಾಲು ತೊಳೆದು ಬರುವಷ್ಟರಲ್ಲಿ ಅನ್ನ ಆಗಿರುತ್ತಿತ್ತು. ಫೈರ್‌ಮನ್ನನ ಮನೆಯಲ್ಲೂ ಡ್ರೈವರನ ಕೂಗಿಗೇ ಒಲೆ. ರೇವಣಪ್ಪನದು ಒಂದು ಉದ್ದ, ಎರಡು ಗಿಡ್ಡ, ಆಮೇಲೆ ನಿಧಾನವಾಗಿ ಕರಗುವ ಒಂದು ಸಣ್ಣ ಎಳೆ. ಸಂಜೆ ಆ ಕೂಗು ಕೇಳಿದಾಗ ಎದುರುಮನೆಯಲ್ಲಿ ಹಾಲಮ್ಮನ ಪಾತ್ರೆಯ ಸದ್ದು, ಇಲ್ಲಿ ತನ್ನ ಪಾತ್ರೆಯ ಸದ್ದು. ಆ ಹೊತ್ತಿನಲ್ಲಿ ಮಾತ್ರ ತೀರ್ಥಮ್ಮನಿಗೆ ತಾನೂ ಈ ಊರಿನವಳು ಅನ್ನಿಸುತ್ತಿತ್ತು.

ಅದಕ್ಕೂ ಕಲ್ಲು ಬಿದ್ದದ್ದು ಆಷಾಢದಲ್ಲಿ. ಒಂದು ಮಧ್ಯಾಹ್ನ ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಕೈಯಲ್ಲಿ ಏನಾದರೊಂದು ಕೆಲಸ ಹಿಡಿದುಕೊಂಡು ಸಾವಿತ್ರಮ್ಮನ ಮನೆಗೆ ಹೋಗುವುದು ಕಂಡಿತು. ಸಾವಿತ್ರಮ್ಮನ ಗಂಡ ಹರಿಹರದ ಬಂಡಿಯ ಡ್ರೈವರು. ಎಲ್ಲರೂ ಸೇರಿ ಹರಟೆ ಹೊಡೆಯುತ್ತಿದ್ದಾರೆ, ತನ್ನನ್ನು ಮಾತ್ರ ಕರೆದಿಲ್ಲ ಅಂದುಕೊಂಡು ತೀರ್ಥಮ್ಮ ತಾನೇ ಹೋದಳು. ಬಾಗಿಲಲ್ಲೇ ನಿಂತು ನಗುತ್ತ, "ಏನಿವತ್ತು ವಿಶೇಷ? ಎಲ್ಲಾ ಇಲ್ಲೇ ಸೇರ್ಕೊಂಡಿದ್ದೀರಿ? ಸಾವಿತ್ರಕ್ಕ ಯಾಕಿಂಗೆ ಮುಖ ಇಳ್ಸ್ಕೊಂಡವ್ರೆ?" ಎಂದಳು. ಸಾವಿತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಹಾಲಮ್ಮ ಎದ್ದು ಬಂದು, "ನೀನು ಮನೇಗ್ ನಡಿ ತಾಯಿ" ಎಂದು ತೋಳು ಹಿಡಿದು ಕಳಿಸಿಬಿಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಅದೇ ಹೆಂಗಸರು ನಗುನಗುತ್ತ ತಮ್ಮ ತಮ್ಮ ಮನೆಗೆ ಹೋದರು.

ತಾನು ಮಾಡಿದ್ದೇನು ಎಂದು ಯಾರೂ ಹೇಳಲಿಲ್ಲ. ಗಂಡನನ್ನು ಕೇಳಿದರೆ, "ಹೆಂಗಸರ ವಿಚಾರ ನಂಗೇನ್ ಗೊತ್ತು" ಎಂದ. ಅಂದಿನಿಂದ ಬಾವಿಯ ಹತ್ತಿರ ಅವಳು ಹೋದರೆ ಮಾತು ಬದಲಾಗುತ್ತಿತ್ತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಹೊಲದ ಬದುವಿನ ಮೇಲೆ ನಿಂತು ಆಚೆ ಬದುವಿನವರ ಜೊತೆ ಕೂಗಾಡಿ ಬೆಳೆದವಳು ಅವಳು. ಈ ಬಾಯಿ ಮುಚ್ಚಿಕೊಳ್ಳುವ ಜನರ ನಡುವೆ ಉಸಿರು ಕಟ್ಟುತ್ತಿತ್ತು.

ಗೌರಿಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅದು ಗಂಡನ ಮೇಲೆ ಒಡೆಯಿತು. "ಹಬ್ಬಕ್ಕೆ ಅಂತ ಹೋದೋಳು ತಿರುಗಿ ಬರಲ್ಲ ಕಣ್ರೀ. ಈ ಮಸಿ ಊರು, ಈ ಮೂಕ ಜನ ನಿಮಗೇ ಇರ್ಲಿ. ದಿನಾ ಸಂಜೆ ನಿಮ್ಮ ಕರೀ ಮುಖ ಕಾಯ್ಕೊಂಡು ಕೂತಿರೋಕೆ ನನ್ನ ಕೈಲಾಗಲ್ಲ."

ಓಂಕಾರಮೂರ್ತಿ ಬುತ್ತಿ ಎತ್ತಿಕೊಂಡ. ಬಾಗಿಲಲ್ಲಿ ತಿರುಗಿ ಏನೋ ಹೇಳಲು ಹೋದ. ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಒಂದು ಇಂಜಿನ್ನು ಬುಸುಗುಟ್ಟುತ್ತ ಹಾದುಹೋಯಿತು. ಇವನೂ ಈ ಊರಿನವನೇ ಆಗಿಬಿಟ್ಟಿದ್ದ. ಬಾಯಿ ತೆರೆದುಕೊಂಡು ಕಾದ. ಅವಳು ಕಾಯಲಿಲ್ಲ, ಒಳಗೆ ಹೋಗಿಬಿಟ್ಟಳು.

ಅಂದು ಸಂಜೆ ಮೊದಲು ಬಂದವಳು ಶಂಕರಮ್ಮ. ಮೊರದಲ್ಲಿ ಅಕ್ಕಿ ಹಿಡಿದುಕೊಂಡು, "ನಮ್ಮನೇಲಿ ಬೆಳಕೇ ಇಲ್ಲ ಕಣೇ, ಇಲ್ಲಿ ಕೂತ್ಕೊಂಡು ಕಲ್ಲು ಆರುಸ್ತೀನಿ" ಎಂದು ನಡುಮನೆಯಲ್ಲಿ ಕೂತಳು. ಲೈನಿನ ಮನೆಗಳೆಲ್ಲ ಒಂದೇ ಅಚ್ಚಿನವು, ಅವಳ ಮನೆಗೂ ಇವಳ ಮನೆಗೂ ಬಾಗಿಲು ಒಂದೇ ದಿಕ್ಕಿಗೆ. ಅಲ್ಲಿಲ್ಲದ ಬೆಳಕು ಇಲ್ಲಿಗೆ ಎಲ್ಲಿಂದ ಬರಬೇಕು? ತೀರ್ಥಮ್ಮನಿಗೆ ಅದು ಹೊಳೆಯಲಿಲ್ಲ. ಬಂದಳಲ್ಲ ಅನ್ನುವುದೇ ದೊಡ್ಡದಾಯಿತು. ಓಡಿಹೋಗಿ ಚಾಪೆ ತಂದು ಹಾಸಿದಳು.

ಆಮೇಲೆ ಸಾವಿತ್ರಮ್ಮ ಬಂದಳು, ಮಡಿಲಲ್ಲಿ ಬಿಡಿಸುವುದಕ್ಕೆ ಅಲಸಂದೆಕಾಯಿ. ಅವಳ ಹಿಂದೆಯೇ ಹಾಲಮ್ಮ, ಗಂಡನ ಹರಿದ ನೀಲಿ ಅಂಗಿ, ಸೂಜಿ, ದಾರ. ಹಾಲಮ್ಮ ಇವಳ ಹೊಸಿಲು ದಾಟಿದ್ದು ಅದೇ ಮೊದಲು. ತೀರ್ಥಮ್ಮ ಹಿಗ್ಗಿಹೋದಳು. ಕೊನೆಗೂ ಇವರ ಮನಸ್ಸು ಕರಗಿತು, ತನ್ನನ್ನು ಸೇರಿಸಿಕೊಂಡರು. ಬೆಳಿಗ್ಗೆ ಗಂಡನಿಗೆ ಅಂದ ಮಾತು ನೆನಪಾಗಿ ನಾಚಿಕೆಯಾಯಿತು. ಅವನು ಬಂದ ಕೂಡಲೇ ತಾನೇ ಮೊದಲು ಮಾತಾಡಿಸಬೇಕು ಅಂದುಕೊಂಡಳು. ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಬಾಯಿ ಬಿಚ್ಚಿದವಳು ಮುಚ್ಚಲಿಲ್ಲ. ತವರಿನ ಕಡೆಯ ಕಾವಲಿನಲ್ಲಿ ಮೇಯುವ ಸರ್ಕಾರದ ಅಮೃತಮಹಲ್ ದನಗಳು ಕೊಡೆ ಬಿಚ್ಚಿದವರನ್ನು ಕಂಡರೆ ಅಟ್ಟಿಸಿಕೊಂಡು ಬರುವುದು, ಒಮ್ಮೆ ಶ್ಯಾನುಭೋಗರು ಹಾಗೆ ಓಡಿ ಮರ ಹತ್ತಿ ಕೂತದ್ದು, ಎಲ್ಲ ಹೇಳಿದಳು. ಅವರು ನಕ್ಕರು, ಆದರೆ ನಗಬೇಕಾದ ಜಾಗಕ್ಕಿಂತ ಒಂದು ಚೂರು ತಡವಾಗಿ ನಕ್ಕರು.

"ಹೂಂ, ಆಮೇಲೆ?" ಎಂದಳು ಶಂಕರಮ್ಮ.

ಆಮೇಲೆ ಹೇಳುವುದಕ್ಕೆ ಬಾಯಿ ತೆರೆದ ತೀರ್ಥಮ್ಮ ಶಂಕರಮ್ಮನ ಮೊರ ನೋಡಿದಳು. ಕಲ್ಲು ಆರಿಸಿ ಒಂದು ಕಡೆ ಗುಡ್ಡೆ ಮಾಡಿದ್ದ ಅಕ್ಕಿಯನ್ನು ಶಂಕರಮ್ಮ ಮತ್ತೆ ಆ ಕಡೆಗೆ ತಳ್ಳಿ, ಮತ್ತೆ ಮೊದಲಿನಿಂದ ಆರಿಸುತ್ತಿದ್ದಳು. ಅದರಲ್ಲಿ ಒಂದು ಕಲ್ಲೂ ಇರಲಿಲ್ಲ. ಬಾಗಿಲಾಚೆ ಬೆಳಕು ಆಗಲೇ ಕೆಂಪಗಾಗಿತ್ತು.

ಕೂಗು ಕೇಳಿಲ್ಲ. ಶಿವಮೊಗ್ಗ ಬಂಡಿಯ ಕೂಗು ತಾನು ಕೇಳಿಯೇ ಇಲ್ಲ. ಆಷಾಢದಲ್ಲಿ ಸಾವಿತ್ರಮ್ಮನ ಮನೆಯಲ್ಲಿ ಹೀಗೇ ಸುತ್ತ ಕೂತಿದ್ದ ಹೆಂಗಸರು, ಅವರ ಕೈಯಲ್ಲಿದ್ದ ಸುಳ್ಳು ಕೆಲಸಗಳು, ತಾನು ಬಾಗಿಲಲ್ಲಿ ನಿಂತು ನಗುತ್ತ ಕೇಳಿದ ಪ್ರಶ್ನೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಂದು ಬಾರದೆ ತಡವಾಗಿದ್ದದ್ದು ಹರಿಹರದ ಬಂಡಿ. ಇವರು ತನ್ನ ಸ್ನೇಹಕ್ಕೆ ಬಂದವರಲ್ಲ.

"ಬಂಡಿ ಬಂತಾ?" ಎಂದಳು.

ಶಂಕರಮ್ಮ ಅಕ್ಕಿಯ ಗುಡ್ಡೆಯನ್ನು ಇನ್ನೊಮ್ಮೆ ಆಚೆಗೆ ತಳ್ಳಿದಳು.

"ಶಂಕರಕ್ಕ, ನಿಮ್ಮನೆಯೋರು ಸ್ಟೇಷನ್ನಾಗವ್ರೆ. ನಿಮಗೆ ಗೊತ್ತಿರತ್ತೆ. ಬಾಯ್ಬಿಟ್ಟು ಹೇಳ್ರೀ!"

ಶಂಕರಮ್ಮ ಹಾಲಮ್ಮನ ಮುಖ ನೋಡಿದಳು. ಹಾಲಮ್ಮ ಹೊಲಿಗೆಯಿಂದ ಕಣ್ಣೆತ್ತದೆ, "ಹೇಳು" ಎಂದಳು.

"ತರೀಕೆರೆ ಬಿಟ್ಟಿದೆ ಅಂತ ತಂತಿ ಬಂದೈತೆ. ಹೊತ್ತಿಗ್ ಸರಿಯಾಗೇ ಬಿಟ್ಟೈತಂತೆ. ಇಲ್ಲಿಗೆ ಬರ್ಲಿಲ್ಲ, ಅಷ್ಟೇ. ಶೆಡ್ಡಾಗೆ ಇನ್ನೊಂದು ಇಂಜಿನ್ನಿಗೆ ಬೆಂಕಿ ಹಾಕ್ತಾವ್ರೆ, ನೋಡ್ಕೊಂಡ್ ಬರಾಕೆ."

ತರೀಕೆರೆಗೂ ಬೀರೂರಿಗೂ ನಡುವೆ ಏನೇನಿದೆ ಎಂದು ತೀರ್ಥಮ್ಮ ನೆನೆಸಿಕೊಂಡಳು. ಕುರುಚಲು ಕಾಡು, ಮಳೆ ಬಂದರೆ ಉಕ್ಕುವ ಹಳ್ಳಗಳು, ಕಂಬಿಯ ಮೇಲೆ ಬಂದು ನಿಲ್ಲುವ ದನ. ಒಂದೊಂದೂ ಅವಳ ಗಂಡನನ್ನು ಒಂದೊಂದು ರೀತಿಯಲ್ಲಿ ಕೊಂದಿತು. ಬೆಳಿಗ್ಗೆ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ, ಏನು ಹೇಳಬೇಕೆಂದಿದ್ದನೋ. ಒಂದು ಇಂಜಿನ್ನು ದಾಟುವಷ್ಟು ಹೊತ್ತು ತನಗೆ ನಿಲ್ಲುವುದಕ್ಕಾಗಲಿಲ್ಲ.

ಎದ್ದು ಬಾಗಿಲಿಗೆ ನಡೆದಳು. "ನಾನು ಸ್ಟೇಷನ್ನಿಗೆ ಹೋಗ್ತೀನಿ."

"ಕೂತ್ಕೊ" ಎಂದಳು ಹಾಲಮ್ಮ. ಜೋರಾಗಿ ಹೇಳಲಿಲ್ಲ, ಆದರೆ ತೀರ್ಥಮ್ಮನ ಕಾಲು ನಿಂತಿತು. "ಅಲ್ಲೋಗಿ ಏನ್ ಮಾಡ್ತೀಯ? ಅವ್ರಿಗೂ ಇಷ್ಟೇ ಗೊತ್ತಿರೋದು. ಪ್ಲಾಟ್‌ಫಾರಂ ಮೇಲೆ ಬಂಡಿ ಕಾಯೋರು ನೂರೆಂಟು ಜನ ಇರ್ತಾರೆ, ಕಡ್ಲೇಕಾಯಿ ತಿಂತಾ ನಿನ್ನ ಮುಖ ನೋಡ್ತಾರೆ. ಅವರ ಮುಂದೆ ಅಳ್ಬಾರ್ದು ಕಣೇ. ಅಳೋದಾದ್ರೆ ಇಲ್ಲಿ ಅಳು, ನಾವಿದ್ದೀವಿ. ಅದಕ್ಕೇ ಬಂದಿರೋದು."

"ಅದನ್ನ ಮೊದ್ಲೇ ಹೇಳ್ಬಾರ್ದಿತ್ತಾ? ಬಂದ್ರಿ, ಮಜ್ಜಿಗೆ ಕುಡುದ್ರಿ, ನನ್ನ ಕೈಲಿ ಶ್ಯಾನುಭೋಗ್ರ ಕತೆ ಹೇಳಿಸ್ಕೊಂಡ್ರಿ!"

"ಹೇಳಿದ್ರೆ ಅಷ್ಟೊತ್ತು ಜಾಸ್ತಿ ಹೆದರ್ಕೊಂಡಿರ್ತಿದ್ದೆ" ಎಂದಳು ಸಾವಿತ್ರಮ್ಮ. "ಅಷ್ಟಾದ್ರೂ ಉಳೀಲಿ ಅಂತ."

ತೀರ್ಥಮ್ಮನ ಕಿವಿಗೆ ಅದು ಹೋಗಲಿಲ್ಲ. ಹೆದರಿಕೆ ಹೆಚ್ಚಾದಾಗ ಅವಳಿಗೆ ಕೋಪವೇ ಬರುವುದು. ತಣ್ಣಗೆ ಕೂತು ಅಂಗಿ ಹೊಲಿಯುತ್ತಿದ್ದ ಹಾಲಮ್ಮನನ್ನು ನೋಡಿ ಅದು ನೆತ್ತಿಗೇರಿತು. "ನಿಮಗೇನಕ್ಕಾ, ಆರಾಮಾಗಿ ಹೊಲಿಗೆ ಹಾಕ್ತಾ ಕೂತಿದ್ದೀರಿ. ನಿಮ್ಮ ಗಂಡನೇ ಆಗಿದ್ರೆ ಗೊತ್ತಾಗ್ತಿತ್ತು!"

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಹೊಳೆಯಿತು. ಸಾವಿತ್ರಮ್ಮ ಹೇಳುವ ಅಗತ್ಯವಿರಲಿಲ್ಲ, ಆದರೂ ಮೆಲ್ಲಗೆ ಹೇಳಿದಳು: "ರೇವಣ್ಣಾರೂ ಅದೇ ಇಂಜಿನ್ನಾಗವ್ರೆ ಕಣೇ."

ದಿನವೂ ಒಂದೇ ಕೂಗಿಗೆ ಎರಡು ಮನೆಯ ಒಲೆ ಹತ್ತುವುದನ್ನು ಕೇಳಿದವಳು, ಈ ಹೊತ್ತಿನಲ್ಲಿ ತನ್ನ ಗಂಡನೊಬ್ಬನೇ ಆ ಬಂಡಿಯಲ್ಲಿದ್ದಾನೆ ಎಂಬಂತೆ ಹಾರಾಡಿದ್ದಳು. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು. ಹಾಲಮ್ಮ ಮಾತ್ರ ದಾರವನ್ನು ಹಲ್ಲಿನಿಂದ ಕಡಿದು, "ಹೋಗ್ಲಿ ಬಿಡು" ಎಂದಳು. "ಲೈನಿನಲ್ಲಿ ಇದು ಮೊದ್ಲಿಂದ ಬಂದಿದ್ದು. ಒಂದೇ ಇಂಜಿನ್ನಿನೋರು ಇಬ್ಬರಿದ್ರೆ ಚಿಕ್ಕೋಳ ಮನೇಲೇ ಸೇರೋದು. ನಂಗೂ ನಮ್ಮನೇಲಿ ಒಬ್ಬಳೇ ಕೂರೋದ್ ತಪ್ತು."

ತೀರ್ಥಮ್ಮ ಬಂದು ಅವಳ ಪಕ್ಕದಲ್ಲಿ ಕೂತಳು. ಆಗ ಕಂಡಿತು, ಹಾಲಮ್ಮ ಹೊಲಿಯುತ್ತಿದ್ದ ಅಂಗಿಯ ಹರಿದ ಜಾಗ ಯಾವಾಗಲೋ ಮುಗಿದಿತ್ತು. ಈಗ ಹರಿಯದ ಜಾಗದ ಮೇಲೆ ಹೊಲಿಗೆ ಓಡುತ್ತಿತ್ತು.

ಹೊರಗೆ ಕತ್ತಲಾಗುತ್ತ ಬಂತು. ಸಾವಿತ್ರಮ್ಮ ಆ ಮನೆಯವಳೇ ಎಂಬ ಹಾಗೆ ಎದ್ದು ಬುಡ್ಡಿ ದೀಪ ಹಚ್ಚಿದಳು. ಶೆಡ್ಡಿನ ಕಡೆ ಹೊಗೆ ಎದ್ದಿತು. ನೋಡಿ ಬರಲು ಹೋಗುವ ಇಂಜಿನ್ನು ಬಿಸಿಯಾಗುತ್ತಿತ್ತು. ಅದು ಹೊರಟಿತೆಂದರೆ ಆಸೆ ಇಲ್ಲವೆಂದೇ ಅರ್ಥ ಅನ್ನಿಸಿ, ತೀರ್ಥಮ್ಮ ಅದರ ಒಂದೊಂದು ಉಸಿರಿಗೂ ಬೇಡ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಬಾಯಿಬಿಟ್ಟು ಕೇಳಲು ಅವಳ ಹತ್ತಿರವೂ ಈಗ ಏನೂ ಉಳಿದಿರಲಿಲ್ಲ.

ಆಗ ಕೂಗು ಬಂತು. ತರೀಕೆರೆಯ ದಿಕ್ಕಿನಿಂದ, ಸಿಗ್ನಲ್ ಹತ್ತಿರದಿಂದ. ಒಂದು ಉದ್ದ. ಎರಡು ಗಿಡ್ಡ. ಆಮೇಲೆ ಆ ಸಣ್ಣ ಎಳೆ.

"ಬಂತು!" ಎಂದು ಶಂಕರಮ್ಮ ಎದ್ದ ರಭಸಕ್ಕೆ ಮೊರ ಮಗುಚಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಸಾವಿತ್ರಮ್ಮ "ಶಿವನೇ ನನ್ನಪ್ಪಾ" ಎಂದು ಗೋಡೆಗೊರಗಿದಳು. ತೀರ್ಥಮ್ಮ ಅಳುತ್ತ ನಗುತ್ತ ಹಾಲಮ್ಮನ ಭುಜ ಹಿಡಿದು ಅಲುಗಿಸಿದಳು. "ಅಕ್ಕಾ, ಬಂದ್ರು! ಏಳಿ ಅಕ್ಕಾ!"

ಹಾಲಮ್ಮ ಏಳಲಿಲ್ಲ. ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ನಿಂತಿತ್ತು. ಕೂಗು ನಿಂತ ಮೇಲೂ ಅವಳು ತಲೆ ಓರೆ ಮಾಡಿ ಕೇಳುತ್ತಲೇ ಇದ್ದಳು. ಅವಳನ್ನು ನೋಡಿ ತೀರ್ಥಮ್ಮನ ಕಿವಿಯಲ್ಲೂ ಆ ಕೂಗು ಮತ್ತೊಮ್ಮೆ ಹಾದುಹೋಯಿತು. ರೇವಣಪ್ಪನ ಆ ಕೊನೆಯ ಎಳೆ ನಿಧಾನವಾಗಿ ಕರಗುತ್ತಿತ್ತು. ಇದು ಕರಗಿರಲಿಲ್ಲ. ಬಿಗಿಹಿಡಿದು ಎಳೆದು, ಕೈ ನಡುಗಿ, ಕಡಿದುಹೋಗಿತ್ತು.

"ಇದು ಅವರ ಕೈ ಅಲ್ಲ ಕಣೇ" ಎಂದಳು ಹಾಲಮ್ಮ. ಅಂಗಿಯನ್ನು ಮಡಿಲಿನಲ್ಲಿ ಮಡಿಸಿಟ್ಟಳು. "ನಿನ್ನ ಗಂಡನ ಕೈ. ನಿನ್ನ ಗಂಡ ಬಂದ. ಎದ್ದು ಅನ್ನಕ್ಕಿಡು."

ಅಯ್ಯೋ, ಆ ಗಳಿಗೆಯಲ್ಲಿ ತೀರ್ಥಮ್ಮನ ಎದೆಯಲ್ಲಿ ಸಂತೋಷವೇ ಉಕ್ಕಿತು. ಹಾಲು ಉಕ್ಕಿದ ಹಾಗೆ, ತಡೆಯುವ ಮೊದಲೇ. ನನ್ನವನು ಬದುಕಿದ್ದಾನೆ. ಪಕ್ಕದಲ್ಲೇ ಒಬ್ಬಳ ಬಾಳು ಮುಳುಗುತ್ತಿರುವಾಗ ತನಗೆ ಹೀಗಾಯಿತಲ್ಲ ಎಂದು ಅವಳಿಗೆ ಅಸಹ್ಯವಾಯಿತು, ಆದರೂ ಸಂತೋಷ ಹೋಗಲಿಲ್ಲ. ಅನ್ನಕ್ಕೆ ಇಡಲು ಮಾತ್ರ ಏಳಲಿಲ್ಲ. ಹಾಲಮ್ಮನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತಳು. ಆ ಕೈ ತಣ್ಣಗಿತ್ತು.

ಬಹಳ ಹೊತ್ತಾದ ಮೇಲೆ ಓಂಕಾರಮೂರ್ತಿ ಬಂದ. ಎದುರುಮನೆ ಬಾಗಿಲು ಹಾಕಿರುವುದು ನೋಡಿ ಇತ್ತ ತಿರುಗಿರಬೇಕು. ಕೈಕಾಲು ತೊಳೆದಿರಲಿಲ್ಲ, ಮುಖದ ಮಸಿಯ ಮೇಲೆ ಕಣ್ಣೀರು ಇಳಿದ ಗೆರೆಗಳಿದ್ದವು. ಹೆಂಡತಿಯ ಕಡೆ ನೋಡದೆ ನೇರವಾಗಿ ಹಾಲಮ್ಮನ ಮುಂದೆ ನೆಲಕ್ಕೆ ಕುಸಿದು ಕೂತ.

"ತರೀಕೆರೆ ಬಿಟ್ಟು ಕಾಡು ದಾಟ್ತಿದ್ವಿ ಅಕ್ಕಾ. ಎದೆ ಹಿಡ್ಕೊಂಡು ಹಂಗೇ ಕೂತ್ಬಿಟ್ರು ಅಣ್ಣ. ಬಂಡಿ ನಿಲ್ಸಿ ಮಲಗಿಸ್ದೆ. ಬಂಡಿ ಪೂರಾ ಹುಡುಕಿದ್ವಿ, ಒಬ್ಬ ಡಾಕ್ಟ್ರಿಲ್ಲ, ಒಬ್ಬ ಪಂಡಿತ್ರಿಲ್ಲ. ಅವರೇ ನಡ್ಸು ಅಂದ್ರು. ನಾನು ಒಂದಿನಾನೂ ಒಬ್ಬನೇ ನಡ್ಸಿದೋನಲ್ಲ. ಮಲ್ಕೊಂಡೇ ಎಲ್ಲಿ ತಡೀಬೇಕು, ಎಲ್ಲಿ ಬಿಡ್ಬೇಕು ಅಂತ ಹೇಳ್ತಿದ್ರು." ಅವನು ಉಸಿರು ಎಳೆದುಕೊಂಡ. "ಸಿಗ್ನಲ್ ಹತ್ರ ಬಂದಾಗ, ನನ್ನ ಕೂಗೇ ಕೂಗು ಕಣೋ, ಇಲ್ದಿದ್ರೆ ಅವಳು ಹೆದರ್ತಾಳೆ ಅಂದ್ರು. ಕೂಗ್ದೆ. ಕೂಗಿ ತಿರುಗಿ ನೋಡೋ ಅಷ್ಟ್ರಲ್ಲಿ..."

ಸಾವಿತ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾಲಮ್ಮನ ಬೆರಳುಗಳು ತೀರ್ಥಮ್ಮನ ಕೈಯನ್ನು ನೋಯುವಷ್ಟು ಹಿಸುಕಿದವು.

"ಸರಿಯಾಗಿ ಕೂಗಿದ್ನಾ ಅಕ್ಕಾ?" ಓಂಕಾರಮೂರ್ತಿ ಸಣ್ಣ ಮಕ್ಕಳ ಹಾಗೆ ಕೇಳಿದ. "ಅವರು ನನ್ನ ಕೈಲಿ ಕೇಳಿದ್ದು ಅದೊಂದೇ."

ಹಾಲಮ್ಮ ಅವನನ್ನು ನೋಡಿದಳು. ಅವನ ಮಸಿ ಮುಖ, ಇನ್ನೂ ನಡುಗುತ್ತಿದ್ದ ಕೈಗಳು, ಎಲ್ಲವನ್ನೂ ನೋಡಿದಳು.

"ಸರಿಯಾಗೇ ಕೂಗ್ದೆ ಕಣಪ್ಪಾ" ಎಂದಳು. "ನಾನು ಅವರೇ ಅಂದ್ಕೊಂಡೆ. ಅನ್ನಕ್ಕಿಡಾಕೆ ಅಂತ ಎದ್ದಿದ್ದೆ."

ಅವನಿಗೆ ನಂಬಬೇಕೆಂಬ ಆಸೆ, ನಂಬಲು ಭಯ. ಅಲ್ಲಿದ್ದವರ ಪೈಕಿ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಟ್ಟುಕೊಳ್ಳಲು ಬಾರದವಳೆಂದರೆ ತನ್ನ ಹೆಂಡತಿ ಒಬ್ಬಳೇ ಎಂದು ಅವನಿಗೆ ಗೊತ್ತಿತ್ತು. ಅವಳ ಕಡೆ ತಿರುಗಿದ.

"ಹೌದೇನೇ?"

ತೀರ್ಥಮ್ಮ ಗಂಡನ ಕಣ್ಣು ತಪ್ಪಿಸಲಿಲ್ಲ.

"ಹೂಂ ರೀ" ಎಂದಳು. "ನಾವೆಲ್ಲಾ ಅವರೇ ಅಂದ್ಕೊಂಡ್ವಿ."